ಗುರುತು ಹೇಳಿ ಒಯ್ಯಿರಿ

ಬರಿಗೈಯಲ್ಲಿ ನಡೆಯುವಾಗಲೂ ಎರಡು ಕೈಯಲ್ಲಿ ಎರಡು ಪೆಟ್ಟಿಗೆ ಹೊತ್ತವರ ಹಾಗೆ ನಡೆಯುವ ಮನುಷ್ಯರನ್ನು ನಾನು ನೋಡಿದ್ದು ಒಬ್ಬರನ್ನೇ. ಹೆಗಲು ಕೆಳಗೆ ಜಗ್ಗಿ, ತೋಳುಗಳು ಮೈಯಿಂದ ಗೇಣುದೂರ ಸರಿದು, ಇಲ್ಲದ ಪೆಟ್ಟಿಗೆ ಯಾರ ಮೊಣಕಾಲಿಗೆ ತಗುಲೀತೋ ಎಂಬ ಸಂಕೋಚದಿಂದ ಬೀದಿಯ ಅಂಚನ್ನೇ ಹಿಡಿದು ಬರುವ ಆ ಆಕೃತಿಯನ್ನು ಬಹುದೂರದಿಂದಲೇ ಗುರುತಿಸಬಹುದಾಗಿತ್ತು. ರೈಲು ನಿಲ್ದಾಣದಲ್ಲಿ, ಪ್ರಯಾಣಿಕರು ಮರೆತು ಬಿಟ್ಟುಹೋದ ಸಾಮಾನುಗಳನ್ನು ಕಾಯ್ದಿಡುವ ಕೋಣೆಯ ಮೇಲ್ವಿಚಾರಣೆಯಲ್ಲಿ ಅವರು ಆಯುಷ್ಯದ ಬಹುಭಾಗವನ್ನು ಕಳೆದಿದ್ದರು. ಪರರ ಗಂಟುಮೂಟೆಗಳನ್ನು ಎತ್ತಿ ಇಳಿಸಿ, ಇಳಿಸಿ ಎತ್ತಿ, ದೇಹ ಕೊನೆಗೆ ಆ ಭಂಗಿಯಲ್ಲೇ ನಿಂತುಬಿಟ್ಟಿತ್ತು.

ಅವರ ಕೋಣೆಯ ಕಿಟಕಿಯ ಮೇಲೆ ‘ಗುರುತು ಹೇಳಿ, ವಸ್ತು ಒಯ್ಯಿರಿ’ ಎಂಬ ಫಲಕವಿತ್ತು. ಗುರುತು ಹೇಳಲಾಗದೆ ಬರಿಗೈಯಲ್ಲಿ ಮರಳಿದ ಯಾರೋ ಒಬ್ಬ ಸಿಟ್ಟಿನಲ್ಲಿ ಅವರಿಗೆ ‘ಗುರುತಪ್ಪ’ ಎಂದು ನಾಮಕರಣ ಮಾಡಿದ್ದ. ಹೆಸರು ಹಿಡಿಯಿತು, ನಿಲ್ದಾಣದ ಮುಖ್ಯಾಧಿಕಾರಿಗಳೂ ಹಾಗೇ ಕರೆಯತೊಡಗಿದರು. ಅವರ ಮಗಳಂತೂ ಗೆಳತಿಯರ ಮುಂದೆ ‘ನಮ್ಮ ಗುರುತಪ್ಪನವರು’ ಎನ್ನುತ್ತಿದ್ದಳು.

ನನಗೂ ಅವರಿಗೂ ಪರಿಚಯವಾದದ್ದು ಒಂದು ಕೊಡೆಯಿಂದ. ರೈಲಿನಲ್ಲಿ ಬಿಟ್ಟಿದ್ದೆ. ಹೋಗಿ ಕೇಳಿದರೆ, ಕನ್ನಡಕದ ಮೇಲಿಂದ ನೋಡಿ, “ಗುರುತು?” ಎಂದರು.

“ಕಪ್ಪು ಬಣ್ಣ.”

“ಕೊಡೆ ಅಂದ್ಮೇಲೆ ಕಪ್ಪೇ. ಬೇರೆ ಹೇಳಿ.”

“ಹಿಡಿ ಬಾಗಿದೆ.”

“ಹಾಗಂತೀರಾ? ಬಾಗದೇ ಇರೋ ಹಿಡಿ ಯಾವುದಿದೆ? ಕಡ್ಡಿ ಮುರಿದಿತ್ತಾ, ತೇಪೆ ಇತ್ತಾ, ಬಟ್ಟೆ ಎಲ್ಲಿ ಸವೆದಿತ್ತು?”

ನಾನು ಕಣ್ಣುಕಣ್ಣು ಬಿಟ್ಟೆ. ಕೊಡೆ ಅವರ ಬೆನ್ನ ಹಿಂದಿನ ಹಲಗೆಯ ಮೇಲೆಯೇ ಇತ್ತು, ನನ್ನನ್ನೇ ನೋಡುತ್ತಿತ್ತು. “ಇಷ್ಟು ವರ್ಷ ನಿಮ್ಮ ತಲೆ ಕಾದಿದೆ, ಒಂದು ದಿನ ಅದನ್ನ ನೀವು ನೋಡಿಲ್ಲ. ನಿಮ್ಮದು ಅಂತ ಹೇಗೆ ನಂಬಲಿ?” ಎಂದು ಕಿಟಕಿ ಮುಚ್ಚಿದರು. ನೆನೆದುಕೊಂಡು ಮನೆಗೆ ಬಂದೆ. ಆ ವಾರವೇ ನಾನು ಬಾಡಿಗೆಗೆ ಹಿಡಿದ ಮಹಡಿಯ ಕೆಳಗಿನ ಮನೆಯಲ್ಲಿ ಅವರೇ ಇರುವುದು ಗೊತ್ತಾಗಿ, ಹಲ್ಲು ಕಚ್ಚಿಕೊಂಡು ನಮಸ್ಕಾರ ಹೇಳಬೇಕಾಯಿತು.

ಅವರಿಗೆ ಇದ್ದದ್ದು ಒಂದೇ ಕೋಟು. ಹೊರಮೈ ಮಾಸಿ ಬಿಳುಚಿಕೊಂಡಾಗ, ದರ್ಜಿಯಿಂದ ಹೊಲಿಗೆ ಬಿಚ್ಚಿಸಿ, ಒಳಮೈಯನ್ನು ಹೊರಗೆ ಮಾಡಿ ಮತ್ತೆ ಹೊಲಿಸಿದ್ದರು. ಬಟ್ಟೆಯೇನೋ ಹೊಸದಾಗಿ ಕಂಡಿತು. ಎಡ ಎದೆಯ ಮೇಲಿದ್ದ ಜೇಬು ಮಾತ್ರ ಬಲಕ್ಕೆ ಬಂದುಬಿಟ್ಟಿತು. ಅಂದಿನಿಂದ ಪೆನ್ನು ಬೇಕಾದಾಗಲೆಲ್ಲ ಅವರ ಕೈ ಮೊದಲು ಎಡಕ್ಕೆ ಹೋಗಿ, ಜೇಬಿಲ್ಲದ ಜಾಗವನ್ನು ಸವರಿ, ಒಂದು ಕ್ಷಣ ದಿಕ್ಕೆಟ್ಟು, ಆಮೇಲೆ ಬಲಕ್ಕೆ ಬರುತ್ತಿತ್ತು. ವರ್ಷಗಟ್ಟಲೆ ಹೀಗೇ ನಡೆಯಿತು. ಎದುರಿಗಿದ್ದವರು ಏನೇ ಹೇಳಲಿ, “ಹಾಗಂತೀರಾ?” ಎಂದು ಕೇಳುವ ಅವರ ಚಾಳಿಯೂ ಅದೇ ಜಾತಿಯದು. ಒಪ್ಪಿಗೆಯೂ ಅಲ್ಲದ, ವಿರೋಧವೂ ಅಲ್ಲದ ಆ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂದು ತೋಚದೆ, ನಾನೂ ಎಷ್ಟೋ ಸಲ ಹೇಳಿದ ಮಾತನ್ನೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ.

ಒಂದೇ ಕೋಟಿನ ಕಥೆಯ ಹಿಂದೆ ಅವರ ತಮ್ಮನಿದ್ದ. ಅವನು ಬೇಕರಿ ತೆರೆಯಲು ದೊಡ್ಡ ಸಾಲವೆತ್ತಿದಾಗ, “ಅಣ್ಣಾ, ಒಂದೇ ಒಂದು ರುಜು” ಎಂದು ಕಾಗದ ಮುಂದಿಟ್ಟಿದ್ದ. ಇವರು ಜಾಮೀನು ನಿಂತರು. ಬೇಕರಿಯ ಒಲೆ ಬೇಗ ಆರಿತು. ತಮ್ಮ ದೂರದ ಊರಿಗೆ ಹೊರಟುಹೋದ, ಸಾಲ ಹೋಗಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇವರು ಮಾಡದೇ ಇದ್ದದ್ದನ್ನು ಉಂಡರು, ಅದೂ ಬಹಳ ವರ್ಷ. ತಮ್ಮನನ್ನು ಬೈದದ್ದನ್ನು ನಾನು ಕೇಳಿಲ್ಲ. ಹೊಟ್ಟೆಬಟ್ಟೆ ಕಟ್ಟಿ ತೀರಿಸುವುದೆಂದರೇನೆಂದು ಆ ಮನೆಯಲ್ಲಿ ನೋಡಿದೆ: ಸವೆದ ಸೋಪಿನ ಚೂರುಗಳನ್ನು ಒತ್ತಿ ಒಂದು ಮಾಡುವರು, ಪೇಸ್ಟಿನ ಕೊಳವೆಯನ್ನು ಕತ್ತರಿಯಿಂದ ಸೀಳಿ ಒಳಗೋಡೆ ಕೆರೆಯುವರು, ನಿನ್ನೆಯ ಪತ್ರಿಕೆಯನ್ನು ನಿಲ್ದಾಣದಿಂದ ತಂದು ಇಂದು ಓದುವರು. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಆಕೆ ಅಂಗಡಿಯೊಂದಕ್ಕೆ ಸ್ವೆಟರ್ ಹೆಣೆದುಕೊಡುತ್ತಿದ್ದರು, ಉಳಿದ ತುಂಡು ಉಣ್ಣೆಯಲ್ಲಿ ಮಗಳಿಗೆ ಏಳು ಬಣ್ಣದ ಕಾಲುಚೀಲ ಹೆಣೆಯುತ್ತಿದ್ದರು. ಸೂಜಿಗಳ ಟಿಕ್‌ಟಿಕ್ ಸದ್ದು ಮಹಡಿಯ ಮೇಲಿನ ನನಗೆ ಕೇಳಿಸುತ್ತಿತ್ತು. ಜಗಳದ ಸದ್ದು, ಬೇಡಿಕೆಯ ಸದ್ದು ಯಾವತ್ತೂ ಕೇಳಲಿಲ್ಲ. ಎಂಥ ಸಮಾಧಾನದ ಸಂಸಾರ ಎಂದು ನಾನು ಮೆಚ್ಚಿಕೊಳ್ಳುತ್ತಿದ್ದೆ.

ಅಂತೂ ಒಂದು ದಿನ ಸಾಲ ತೀರಿತು. ಕೊನೆಯ ಕಂತು ಕಟ್ಟಿ ಬಂದವರು ಹೊಸ್ತಿಲ ಮೇಲೆ ಕುಳಿತು, “ಮುಗೀತು” ಎಂದರು. ಔಷಧದಂಗಡಿಯಲ್ಲಿ ಆಗತಾನೇ ಕೆಲಸಕ್ಕೆ ಸೇರಿದ್ದ ಮಗಳು ಚಪ್ಪಾಳೆ ತಟ್ಟಿದಳು. ಅಕ್ಕ, “ಹೌದಾ? ಕೈಕಾಲು ತೊಳ್ಕೊಳ್ಳಿ” ಎಂದು ಒಳಗೆ ಹೋದರು. ಇವರು ಅಲ್ಲೇ ಕುಳಿತಿದ್ದರು. ಮುಖದಲ್ಲಿ ಹರ್ಷವಿರಲಿಲ್ಲ, ಇಳಿಯಬೇಕಾದ ನಿಲ್ದಾಣ ದಾಟಿಹೋಯಿತೋ ಇನ್ನೂ ಬರಬೇಕೋ ತಿಳಿಯದ ಪ್ರಯಾಣಿಕನ ಮುಖ ಅದು.

ಮುಂದಿನ ಸಂಬಳದ ದಿನ ಅಭ್ಯಾಸಬಲದಿಂದ ಸಾಲ ಕೊಟ್ಟವನ ಬೀದಿಯ ಅರ್ಧದವರೆಗೂ ನಡೆದುಹೋಗಿ, ನೆನಪಾಗಿ, ಹಿಂದಿರುಗಿದರಂತೆ. ಇನ್ನೊಂದು ದಿನ, ಹಲ್ಲು ಮುರಿದ ಬಾಚಣಿಗೆಯ ಬದಲು ಹೊಸದನ್ನು ಕೊಳ್ಳಲು ನನ್ನನ್ನೂ ಕರೆದುಕೊಂಡು ಹೋದರು. ಅಂಗಡಿಯವನು ಹತ್ತಾರು ಬಾಚಣಿಗೆ ಹರವಿದ. ಇವರು ಒಂದನ್ನೆತ್ತಿ ಇನ್ನೊಂದನ್ನಿಟ್ಟು, ಬೆವೆತು, “ಯಾವುದು ತಗೊಳ್ಳೋದು?” ಎಂದು ನನ್ನನ್ನು ಕೇಳಿದರು. ಬೋಳುತಲೆಯವನಾದ ನನ್ನಿಂದ ಆ ವಿಷಯದಲ್ಲಿ ಸಲಹೆ ಕೇಳಿದವರು ಅವರೊಬ್ಬರೇ. ಕೊನೆಗೆ ಏನೂ ಕೊಳ್ಳದೆ ಹೊರಬಂದೆವು.

“ಕೈಯಲ್ಲಿ ದುಡ್ಡಿಲ್ಲದಾಗ ಎಲ್ಲಾ ಸಲೀಸಾಗಿತ್ತು ನೋಡಿ” ಎಂದರು ದಾರಿಯಲ್ಲಿ. “ಬೇಡ ಅಂದ್ರೆ ಮುಗೀತು. ಈಗ ಬೇಕೋ ಬೇಡ್ವೋ ಯೋಚನೆ ಮಾಡ್ಬೇಕು.”

ಕೊಳ್ಳಲು ಬಾರದ ಮನುಷ್ಯ ಕಳೆಯಲು ಹೊರಟರು. ಮನೆಯನ್ನು ಸುತ್ತ ನೋಡಿದರಂತೆ: ತಮ್ಮನ ಬೇಕರಿಯಿಂದ ಬಂದ ತಗಡಿನ ಡಬ್ಬಗಳು, ಕಷ್ಟಕಾಲದಲ್ಲಿ ಬಂಧುಗಳು ಮರುಕಪಟ್ಟು ದಾಟಿಸಿದ ಹಳೆಯ ಮೇಜು, ಹಳೆಯ ಪರದೆ, ಒಂದು ಕಾಲು ಗಿಡ್ಡವಾದ ಮಂಚ. “ದುಡ್ಡಿನ ಸಾಲ ತೀರಿದೆ, ಈ ಸಾಮಾನಿನದು ತೀರಿಲ್ಲ. ಒಂದೊಂದೂ ಯಾರದ್ದೋ ಮುಖ ಹೊತ್ಕೊಂಡು ಕೂತಿದೆ” ಎಂದರು. ಮಾತು ನನಗೆ ಗಹನವಾಗಿ ಕಂಡಿತು. ಹಾಸಿಗೆ ಇದ್ದಷ್ಟು ಕಾಲು ಚಾಚಿದವರು ಈಗ ಹಾಸಿಗೆಯನ್ನೇ ಮಡಿಸಿಡಲು ಹೊರಟಿರುವುದು ವೈರಾಗ್ಯವೋ ವಿಕಾರವೋ ನಿರ್ಧರಿಸಲಾಗದೆ, ಭಲೇ ಎಂದುಬಿಟ್ಟೆ.

ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಲು ಅವರಿಗೆ ಗೊತ್ತಿದ್ದದ್ದು ಒಂದೇ ವಿಧಾನ. ನಿಲ್ದಾಣದಲ್ಲಿ, ಸಿಕ್ಕಿದ ವಸ್ತುವಿಗೆ ತಾರೀಖು ಬರೆದ ಚೀಟಿ ಕಟ್ಟಿ ಕೋಣೆಯಲ್ಲಿಡುತ್ತಾರೆ. ಗೊತ್ತಾದ ಅವಧಿಯೊಳಗೆ ಯಾರಾದರೂ ಕೇಳಿಕೊಂಡು ಬಂದು ಗುರುತು ಹೇಳಿದರೆ ಅವರದು, ಇಲ್ಲವಾದರೆ ಹರಾಜು. ಮನೆಯಲ್ಲೂ ಅದೇ ಆಯಿತು. ದಿನಬಳಕೆಯದನ್ನು ಬಿಟ್ಟು ಮಿಕ್ಕಿದ್ದೆಲ್ಲ ಚೀಟಿ ಕಟ್ಟಿಸಿಕೊಂಡು ಹಿಂದಿನ ಕೋಣೆ ಸೇರಿತು. ಮೂರು ತಿಂಗಳ ಗಡುವು. “ಬೇಕಾದೋರು ಕೇಳ್ತಾರೆ. ಕೇಳ್ಲಿಲ್ಲ ಅಂದ್ರೆ ಬೇಡ ಅಂತ ತಾನೇ?” ಎಂಬುದು ಅವರ ಸಿದ್ಧಾಂತ, ಸೇವೆಯುದ್ದಕ್ಕೂ ಅದು ಒಮ್ಮೆಯೂ ತಪ್ಪಿರಲಿಲ್ಲ.

ಮಗಳು ಕೇಳುವುದರಲ್ಲಿ ನಿಸ್ಸೀಮಳು. ಮೊದಲ ಸಂಜೆಯೇ ಕೋಣೆಯ ಬಾಗಿಲಲ್ಲಿ ನಿಂತು ತನ್ನ ಗೊಂಬೆ, ಬಣ್ಣದ ಡಬ್ಬಿ, ಕಾಲು ಮುರಿದ ಸ್ಟೂಲು ಎಲ್ಲಕ್ಕೂ ಗುರುತು ಹೇಳಿ ಬಿಡಿಸಿಕೊಂಡಳು. ಕೊನೆಗೆ, “ಅಪ್ಪಾ, ನಂಗೂ ಒಂದು ಚೀಟಿ ಕಟ್ಟಿ ಕೂರಿಸು. ಯಾರಾದ್ರೂ ಕೇಳ್ಕೊಂಡು ಬರ್ತಾರಾ ನೋಡೋಣ” ಎಂದಳು.

“ಬಂದೋನು ಗುರುತು ಹೇಳ್ಬೇಕಲ್ಲ” ಎಂದರು ಗುರುತಪ್ಪನವರು, ಗಂಭೀರವಾಗಿ.

“ಬಾಯಿ ದೊಡ್ಡದು ಅಂತಾನೆ ಬಿಡು” ಎಂದು ಅಡುಗೆಮನೆಯಿಂದ ಅಕ್ಕ ನಕ್ಕರು. ಆ ಮೂರು ತಿಂಗಳಲ್ಲಿ ಚೀಟಿಗಳ ವಿಷಯವಾಗಿ ಅಕ್ಕ ಆಡಿದ ಮಾತು ಅದೊಂದೇ.

ಗಡುವು ಮುಗಿದ ಬೆಳಿಗ್ಗೆ ಹಳೇ ಸಾಮಾನಿನ ವ್ಯಾಪಾರಿಯ ಗಾಡಿ ಬಂತು. ಮಧ್ಯಾಹ್ನದ ಹೊತ್ತಿಗೆ ಮನೆ ಬರಿದಾಗಿ, ಮಾತಾಡಿದರೆ ಗೋಡೆಗಳು ಇನ್ನೊಂದು ಸಲ ಆಡುತ್ತಿದ್ದವು. ಗುರುತಪ್ಪನವರು ಕೋಣೆಯಿಂದ ಕೋಣೆಗೆ ತಿರುಗಿದರು. ಮೊದಲ ಸಲ ಅವರ ತೋಳುಗಳು ಮೈಗೆ ಹತ್ತಿರವಾಗಿರುವಂತೆ ನನಗೆ ಕಂಡವು. ಅಕ್ಕ ನೆಲ ಒರೆಸುತ್ತಿದ್ದರು. ಒರೆಸಿ ಮುಗಿಸಿ, ಕೈ ಸೆರಗಿಗೆ ಒರೆಸಿಕೊಂಡು, “ನಾನು ಸ್ವಲ್ಪ ದಿನ ತಂಗಿ ಮನೇಲಿ ಇದ್ದು ಬರ್ತೀನಿ” ಎಂದರು.

“ಎಷ್ಟು ದಿನ?”

“ಗೊತ್ತಿಲ್ಲ.”

ತಂಗಿಯ ಮನೆ ಊರಿನ ಇನ್ನೊಂದು ತುದಿಯಲ್ಲಿತ್ತು. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಇವರು ಹೋಗಿ ವಿಚಾರಿಸಿದರೆ, ಏನೂ ಇಲ್ಲ, ಚೆನ್ನಾಗಿದ್ದೀನಿ, ನೀವು ಹೊತ್ತಿಗೆ ಸರಿಯಾಗಿ ಉಣ್ಣಿ ಎಂಬ ಉತ್ತರ. ಕೋಪವಿದೆಯೇ ಎಂದರೆ ಇಲ್ಲ. ಬರುತ್ತೀಯಾ ಎಂದರೆ ನೋಡೋಣ. ಒಂದು ಸಂಜೆ ಅವರು ನನ್ನ ಮಹಡಿ ಹತ್ತಿ ಬಂದು, ಕೂರದೆ, ಎಡ ಎದೆಯನ್ನು ಸವರಿಕೊಳ್ಳುತ್ತ ನಿಂತರು. ಪೆನ್ನು ಹುಡುಕುತ್ತಿದ್ದಾರೋ ಎದೆ ನೋಯುತ್ತಿದೆಯೋ ನನಗೆ ತಿಳಿಯಲಿಲ್ಲ.

“ಸಾಲ ಇದ್ದಾಗ ಬಿಟ್ಟು ಹೋಗ್ಲಿಲ್ಲ. ತೀರಿದ ಮೇಲೆ ಹೋಗಿದ್ದಾಳೆ. ನಂಗೆ ತಲೆಬುಡ ಅರ್ಥ ಆಗ್ತಿಲ್ಲ. ನಿಮಗೇನಾದ್ರೂ ಹೊಳೆಯತ್ತಾ?”

ಲೋಕದ ಸ್ವಭಾವದ ಮೇಲೆ ಪುಟಗಟ್ಟಲೆ ಬರೆಯುವ ನನಗೆ ಏನೂ ಹೊಳೆಯಲಿಲ್ಲ. ಬರಿದಾದ ಮನೆ ಬೇಸರವಾಗಿರಬಹುದು ಎಂದೆ, ವಯಸ್ಸು ಎಂದೆ, ಆಯಾಸ ಎಂದೆ. ಅವರು ಮೂರಕ್ಕೂ “ಹಾಗಂತೀರಾ?” ಎಂದರು. ಊಟಕ್ಕೆ ಕರೆಯಲು ಮೇಲೆ ಬಂದ ಮಗಳು ಬಾಗಿಲಲ್ಲೇ ಕೇಳಿಸಿಕೊಂಡು, “ಅಪ್ಪಾ, ಸೈಕಲ್ಲು” ಎಂದಳು.

ಅದು ಅಕ್ಕನ ಸೈಕಲ್ಲು. ಮದುವೆಗೆ ಮುಂಚೆ ಟೆಲಿಫೋನ್ ಕಚೇರಿಯಲ್ಲಿದ್ದಾಗ ತನ್ನ ಸಂಬಳದಲ್ಲಿ ಕೊಂಡದ್ದು. ವರ್ಷಗಳಿಂದ ಗಾಳಿಯಿಲ್ಲದೆ ನಡುಮನೆಯ ಗೋಡೆಗೆ ನೇತುಬಿದ್ದಿತ್ತು. ಚೀಟಿ ಕಟ್ಟಿಸಿಕೊಂಡು ಹಿಂದಿನ ಕೋಣೆಗೆ ಹೋಯಿತು, ಯಾರೂ ಕೇಳದೆ ಗಾಡಿ ಹತ್ತಿತು.

“ಅವಳು ಕೇಳಲೇ ಇಲ್ವಲ್ಲ!” ಎಂದರು ಗುರುತಪ್ಪನವರು. “ಮೂರು ತಿಂಗಳು ಅಲ್ಲೇ ಇತ್ತು. ಬೇಕು ಅಂತ ಬಾಯಿಬಿಟ್ಟು ಒಂದು ಮಾತು ಹೇಳಿದ್ರೆ ನಾನು ಕೊಡ್ತಿರ್ಲಿಲ್ವಾ?”

“ಅಮ್ಮ ಯಾವತ್ತಾದ್ರೂ ಏನಾದ್ರೂ ಕೇಳಿದ್ದಾಳಾ ಅಪ್ಪಾ?”

ಅವರು ಯೋಚಿಸಿದರು. “ಒಂದ್ಸಲ ಕೇಳಿದ್ಲು” ಎಂದರು ನಿಧಾನವಾಗಿ. “ತಮ್ಮ ಊರು ಬಿಟ್ಟ ಹೊಸತು. ಸೈಕಲ್ಲಿಗೆ ಟ್ಯೂಬು ಬೇಕಿತ್ತು ಅಂದ್ಲು. ನಾನು ಬೇಡ ಅನ್ಲಿಲ್ಲ, ಬೈಲಿಲ್ಲ. ಸುಮ್ನೆ ಅವಳ ಮುಖ ನೋಡಿದೆ. ‘ಬೇಡ ಬಿಡಿ, ನಡ್ಕೊಂಡೇ ಹೋಗ್ತೀನಿ’ ಅಂದ್ಲು. ಆಮೇಲೆ...”

ನಾನು ಮೆಚ್ಚಿಕೊಳ್ಳುತ್ತಿದ್ದ ಸಮಾಧಾನ ಏನೆಂದು ನನಗೆ ಅರ್ಥವಾದದ್ದು ಆಗ. ನಿಲ್ದಾಣದ ನಿಯಮ ನಿಲ್ದಾಣದಲ್ಲಿ ಸರಿ. ಅಲ್ಲಿಗೆ ಬರುವವರು ಕೇಳಲು ಹೆದರದ ಜನ. ಕೇಳದೇ ಇರುವುದನ್ನು ಕಲಿತು ಕರಗತ ಮಾಡಿಕೊಂಡ ಮನೆಯೊಳಗೆ ಆ ನಿಯಮವನ್ನು ತಂದದ್ದೇ ತಪ್ಪಾಗಿತ್ತು. ಈ ವಿವೇಕವನ್ನು ನಾನು ಅವರಿಗೆ ಹೇಳಲಿಲ್ಲ. ಅವರ ಕಣ್ಣು ತುಂಬಿತ್ತು, ಸಾಕಿತ್ತು.

ಮರುದಿನ ಇಬ್ಬರೂ ವ್ಯಾಪಾರಿಯಲ್ಲಿಗೆ ಹೋದೆವು. ಅವನು ಸೈಕಲ್ಲನ್ನು ನಾಲ್ಕು ರಸ್ತೆ ಸೇರುವಲ್ಲಿನ ರಿಪೇರಿ ಅಂಗಡಿಗೆ ಮಾರಿದ್ದ. ಅಂಗಡಿಯಲ್ಲಿ ಹೆಂಗಸರ ಹಳೇ ಸೈಕಲ್ಲುಗಳೇ ಒಂದು ಸಾಲು ನಿಂತಿದ್ದವು, ಎಲ್ಲಕ್ಕೂ ಆಗತಾನೇ ಕೆಂಪು ಬಣ್ಣ ಹೊಡೆದಿತ್ತು. ಅಂಗಡಿಯವ ಕೈಯಲ್ಲಿನ ಪಾನಾ ಕೆಳಗಿಡದೆ ಕೇಳಿದ: “ನಿಮ್ದು ಯಾವುದು? ಏನಾದ್ರೂ ಗುರುತು ಹೇಳಿ ಸ್ವಾಮಿ.”

ಗುರುತಪ್ಪನವರು ನನ್ನ ಕಡೆ ನೋಡಿದರು. ಅಂದು ನನ್ನ ಕೊಡೆಯ ಸೇಡು ತೀರಿತೆಂದು ಸಂತೋಷಪಡಬೇಕಾಗಿತ್ತು, ಆಗಲಿಲ್ಲ. “ಹಸಿರು ಬಣ್ಣ ಇತ್ತು... ನೀಲಿನೋ” ಎಂದರು. ಸಾಲಿನ ಈ ತುದಿಯಿಂದ ಆ ತುದಿಗೆ ನಡೆದರು, ಒಂದೊಂದರ ಮುಂದೂ ನಿಂತರು, ಹ್ಯಾಂಡಲ್ ಮುಟ್ಟಿದರು. ವರ್ಷಗಟ್ಟಲೆ ಕಣ್ಣೆದುರು ನೇತಾಡಿದ್ದ ವಸ್ತು ಇದ್ದೀತು ಅಲ್ಲೇ, ಅವರಿಗೆ ಸಿಗಲಿಲ್ಲ. “ಅವಳನ್ನೇ ಕೇಳ್ಬೇಕು” ಎಂದು ಅಲ್ಲಿಂದ ನೇರವಾಗಿ ತಂಗಿಯ ಮನೆಗೆ ಹೊರಟರು. ನಾನೂ ಹಿಂದೆ ಹೋದೆ.

ಅಕ್ಕ ಕಿಟಕಿಯ ಬಳಿ ಹೆಣೆಯುತ್ತ ಕುಳಿತಿದ್ದರು. ಗುರುತಪ್ಪನವರು ಕ್ಷೇಮಸಮಾಚಾರ ಕೇಳುವುದನ್ನೂ ಮರೆತು, “ಸೈಕಲ್ಲಿನ ಗುರುತು ಹೇಳು” ಎಂದರು.

ಸೂಜಿಗಳು ನಿಂತವು. “ಹಿಂದಿನ ಮಡ್‌ಗಾರ್ಡಲ್ಲಿ ಹೆಬ್ಬೆಟ್ಟಷ್ಟು ತಗ್ಗಿದೆ” ಎಂದರು ಅಕ್ಕ, ಯಾರನ್ನೂ ನೋಡದೆ. “ಬಲಗಡೆ ಪೆಡಲ್ಲಿಗೆ ಒಂದು ರಬ್ಬರು ಇಲ್ಲ. ಗಂಟೆ ಒಂದ್ಸಲ ಒತ್ತಿದ್ರೆ ಆಗಲ್ಲ, ಎರಡ್ಸಲ ಒತ್ಬೇಕು. ಸೀಟಿನ ಕೆಳಗೆ ಚರ್ಮ ಬಿಚ್ಚಿತ್ತು, ನಾನೇ ಹೊಲಿದಿದ್ದೆ, ಹಳದಿ ದಾರದಲ್ಲಿ.” ಒಂದೇ ಉಸಿರಿಗೆ ಇಷ್ಟನ್ನು ಹೇಳಿ, ಆಮೇಲೆ ತಲೆ ಬಗ್ಗಿಸಿದರು.

ಮೂವರೂ ಅಂಗಡಿಗೆ ಬಂದೆವು. ಅಕ್ಕ ಸಾಲನ್ನು ಒಮ್ಮೆ ನೋಡಿ, ನೇರ ಮೂರನೆಯದರ ಬಳಿ ಹೋಗಿ, ಗಂಟೆಯನ್ನು ಎರಡು ಸಲ ಒತ್ತಿದರು. ಅದು ಟ್ರಿಣ್ ಎಂದಿತು. ಹೊಸ ಟ್ಯೂಬು, ಹೊಸ ಬಣ್ಣ; ತಗ್ಗು ಮಾತ್ರ ಹಳೆಯದೇ. ಅದರ ಮೇಲೆ ಬೆರಳಿಟ್ಟುಕೊಂಡು ನಿಂತರು.

“ತಗೊಂಡು ಹೋಗೋಣ” ಎಂದರು ಗುರುತಪ್ಪನವರು.

“ಬೇಡ ಬಿಡಿ” ಎಂದರು ಅಕ್ಕ.

ಗುರುತಪ್ಪನವರು ನನ್ನ ಕಡೆ ತಿರುಗಿದ ರೀತಿಯನ್ನು ನಾನು ಮರೆತಿಲ್ಲ. “ಇದು ಯಾವ ಬೇಡ? ನೀವು ಹೇಳಿ. ಇಷ್ಟು ವರ್ಷ ಅವಳು ಬೇಡ ಅಂದಿದ್ದಕ್ಕೆಲ್ಲ ನಾನು ಹೂಂ ಅಂದ್ಕೊಂಡು ಬಂದೆ. ಈಗ ನಿಜವಾಗ್ಲೂ ಬೇಡ್ವೋ, ಅಭ್ಯಾಸಕ್ಕೆ ಬೇಡ್ವೋ, ನಂಗೆ ಗೊತ್ತಾಗ್ತಿಲ್ಲ.”

ಅಕ್ಕನೇ ಉತ್ತರ ಕೊಟ್ಟರು. “ನಂಗೂ ಗೊತ್ತಾಗ್ತಿಲ್ಲ ರೀ. ಬೇಡ ಬೇಡ ಅಂತ ಹೇಳಿ ಹೇಳಿ, ಒಳಗೆ ಹೋಗಿ ನೋಡೋದೇ ಬಿಟ್ಟುಹೋಗಿದೆ. ನೀವು ಚೀಟಿ ಕಟ್ಟಿದಾಗ ದಿನಾ ಆ ಕೋಣೆ ಬಾಗಿಲವರೆಗೂ ಬರ್ತಿದ್ದೆ. ಕೇಳೋಕೆ ಬಾಯಿ ಬರ್ಲಿಲ್ಲ. ನಿಮ್ಮ ಮೇಲೆ ಕೋಪ ಅಲ್ಲ. ಯಾರ ಮೇಲೆ ಅಂತ ಗೊತ್ತಾಗ್ದೇ ತಂಗಿ ಮನೆಗೆ ಹೋದೆ.”

ಅಂಗಡಿಯವ ಏನು ಮಾಡಬೇಕೆಂದು ತಿಳಿಯದೆ ಪಾನಾವನ್ನು ಬಟ್ಟೆಯಿಂದ ಒರೆಸುತ್ತಿದ್ದ. ದಂಪತಿಗಳಿಬ್ಬರೂ ಬೆಂಚಿನ ಮೇಲೆ ಕುಳಿತರು. ಅಕ್ಕ, ರಸ್ತೆಯನ್ನು ನೋಡುತ್ತ, ಅತಿ ಸಣ್ಣ ಧ್ವನಿಯಲ್ಲಿ, “ಒಂದು ಸುತ್ತು ಹೋಗಿ ನೋಡ್ಲಾ?” ಎಂದು ಕೇಳಿದರು.

ಗುರುತಪ್ಪನವರು ತಲೆಯಾಡಿಸಿದರು; ಅಕ್ಕ ನೋಡಿರಲಿಕ್ಕಿಲ್ಲ ಎಂದು ಇನ್ನೊಮ್ಮೆ ಆಡಿಸಿದರು. ಅಕ್ಕ ಸೈಕಲ್ಲನ್ನು ರಸ್ತೆಗಿಳಿಸಿ, ಸೆರಗು ಸಿಕ್ಕಿಸಿ, ಎರಡು ಸಲ ತಪ್ಪಿ ಮೂರನೆಯ ಸಲ ಹತ್ತಿದರು. ಚಕ್ರ ಹಾವಿನಂತೆ ಹೊರಳಿ, ಆಮೇಲೆ ನೇರವಾಯಿತು. ಅಷ್ಟರಲ್ಲಿ ಒಂದು ಲಾರಿ ಅಡ್ಡ ಬಂತು. ಲಾರಿ ಸರಿದಾಗ ರಸ್ತೆಯಲ್ಲಿ ಅಕ್ಕ ಇರಲಿಲ್ಲ.

ಕಾದೆವು. ಸುತ್ತು ಮುಗಿಯಲಿಲ್ಲ. “ಎಲ್ಲಿಗ್ಹೋದ್ರು ಸ್ವಾಮಿ ಅಮ್ಮಾವ್ರು?” ಎಂದ ಅಂಗಡಿಯವ. ಎಡಕ್ಕೆ ತಿರುಗಿದರೆ ತಂಗಿಯ ಮನೆ, ಬಲಕ್ಕೆ ತಿರುಗಿದರೆ ನಮ್ಮ ಬೀದಿ. ಯಾವ ಕಡೆ ತಿರುಗಿದರೆಂದು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಗುರುತಪ್ಪನವರು ಅಂಗಡಿಯವ ಹೇಳಿದ ಬೆಲೆಯನ್ನು ಚೌಕಾಸಿಯಿಲ್ಲದೆ ಅವನ ಕೈಯಲ್ಲಿಟ್ಟು, ಬಲಗಡೆಯ ದಾರಿ ಹಿಡಿದರು. ಅಷ್ಟು ಜೋರಾಗಿ ಅವರು ನಡೆದದ್ದನ್ನು ನಾನು ಕಂಡಿರಲಿಲ್ಲ. ನಡುವೆ ಒಂದೆರಡು ಸಲ ನಿಂತು ಹಿಂದಿರುಗಿ ನೋಡಿದರು, ತಪ್ಪು ದಾರಿಯೇನೋ ಎಂಬಂತೆ. ನಾನೂ ಧೈರ್ಯ ಹೇಳಲಾರದೆ ಏದುಸಿರು ಬಿಡುತ್ತ ಹಿಂಬಾಲಿಸಿದೆ.

ಸೈಕಲ್ಲು ನಮ್ಮ ಮನೆಯ ಗೋಡೆಗೆ ಒರಗಿತ್ತು. ಅಕ್ಕ ಮೆಟ್ಟಿಲ ಮೇಲೆ ಬೆವರೊರೆಸಿಕೊಳ್ಳುತ್ತ ಕುಳಿತಿದ್ದರು. ಗಂಡ ಎದುರಿಗೆ ಬಂದು ನಿಂತಾಗ ತಲೆಯೆತ್ತಿ, “ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ ಇದೆ. ಒಂದು ಪಂಪು ಬೇಕು” ಎಂದರು.

ಋಣ ತೀರಿಸಿದವರನ್ನು ಲೋಕ ಗೌರವಿಸುತ್ತದೆ, ಗೌರವಿಸಬೇಕಾದದ್ದೇ. ಆದರೆ ಪರರ ಋಣವನ್ನು ಮರ್ಯಾದೆಯಿಂದ ಹೊತ್ತು ದಡ ಸೇರಿಸುವ ಇಂಥವರು, ಹೊರೆ ಇಳಿದ ದಿನವೇ ಎಲ್ಲ ಮುಗಿಯಿತೆಂದು ತಿಳಿದು, ಆಮೇಲೆ ಯಾಕೆ ಸುಖವಾಗುತ್ತಿಲ್ಲವೆಂದು ದಿಗ್ಭ್ರಮೆಗೊಂಡು, ಕೈಗೆ ಸಿಕ್ಕಿದ್ದನ್ನೆಲ್ಲ ಇನ್ನೂ ಇಳಿಸುತ್ತಲೇ ಹೋಗುತ್ತಾರೆ. ಮಿತವ್ಯಯ ಅವರಿಗೆ ಬೇಡವೆನ್ನುವುದನ್ನು ಕಲಿಸಿರುತ್ತದೆ, ಮತ್ತೆ ಬೇಕೆನ್ನುವುದನ್ನು ಕಲಿಸುವವರು ಯಾರೂ ಇರುವುದಿಲ್ಲ. ಇಂಥ ಮನೆಗಳಲ್ಲಿ ಸಾಲ ನಿಜವಾಗಿ ಯಾವಾಗ ತೀರುತ್ತದೆಂದು ಖಚಿತವಾಗಿ ಹೇಳುವಷ್ಟು ತಿಳಿವಳಿಕೆ ನನಗೆ ಈಗಲೂ ಇಲ್ಲ. ಕೊನೆಯ ಕಂತು ಕಟ್ಟಿದ ದಿನವಂತೂ ಅಲ್ಲ, ಆ ಮನೆಯವರಲ್ಲಿ ಒಬ್ಬರು ಇನ್ನೊಬ್ಬರನ್ನು ಹೆದರದೆ ಏನನ್ನಾದರೂ ಕೇಳಿದ ದಿನ ಇರಬೇಕು.